ಅರ್ಜಿ ಮೇಷ್ಟ್ರು ರೋಗಿಯಾದದ್ದು

ಅರ್ಜಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ದಾಖಲೆ ಕಚೇರಿಯ ಗೇಟಿನ ಪಕ್ಕ ಮಡಚುವ ಮೇಜೊಂದನ್ನು ಹಾಕಿಕೊಂಡು, ಬಂದವರಿಗೆ ಅರ್ಜಿ, ಮನವಿ, ತಕರಾರು ಬರೆದುಕೊಡುವುದು ಅವರ ಕಸುಬು. ಇಪ್ಪತ್ತೆರಡು ವರ್ಷಗಳಲ್ಲಿ ತಾವು ತುಂಬಿದ ಫಾರಂ ಒಂದೂ ತಪ್ಪಿನ ಕಾರಣಕ್ಕೆ ವಾಪಸು ಬಂದಿಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಹಾಗಾದರೆ ವಾಪಸು ಬಂದವು ಯಾವ ಕಾರಣಕ್ಕೆ ಬಂದವು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮುಂದಿನ ಅರ್ಜಿಯನ್ನೂ ಅವರ ಕೈಲೇ ಬರೆಸಬೇಕಲ್ಲ.

ಫಾರಂ ತುಂಬುವುದರಲ್ಲಿ ಅವರದು ಒಂದೇ ಸೂತ್ರ. ಮೊದಲನೇ ಕಾಲಂನಲ್ಲಿ ಅರ್ಜಿ ಹಾಕುವವನ ಹೆಸರು. ಯಾರ ಸಲುವಾಗಿ ಹಾಕುತ್ತಾನೋ ಅವರ ಹೆಸರು ಎರಡನೆಯದರಲ್ಲಿ. ಮಗುವಿನ ಜನನ ಪತ್ರವಾದರೆ ಅಪ್ಪ ಮೇಲೆ, ಮಗು ಕೆಳಗೆ. ಮುದುಕಿಯ ಪಿಂಚಣಿಯಾದರೆ ಮಗ ಮೇಲೆ, ಮುದುಕಿ ಕೆಳಗೆ. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದರೂ ಅವರ ಪೆನ್ನು ಈ ಕ್ರಮ ತಪ್ಪುತ್ತಿರಲಿಲ್ಲ.

ಇಂಥ ಮೇಷ್ಟ್ರ ಹೆಂಡತಿಯ ಕತ್ತಿನಲ್ಲಿ ಗಂಟೊಂದು ಕಾಣಿಸಿಕೊಂಡಿತು. ಮೊದಲು ಕಡಲೆಕಾಳಿನಷ್ಟಿತ್ತು, ಎರಡು ತಿಂಗಳಲ್ಲಿ ನೆಲ್ಲಿಕಾಯಿಯಷ್ಟಾಯಿತು. ಬೀದಿಯ ಕೊನೆಯ ಡಾಕ್ಟರು ಮುಟ್ಟಿ ನೋಡಿ, ದೊಡ್ಡಾಸ್ಪತ್ರೆಗೆ ಗುರುವಾರ ಮಾತ್ರ ಬರುವ ತಜ್ಞರೊಬ್ಬರಿದ್ದಾರೆ, ಹತ್ತರಿಂದ ಒಂದು ಗಂಟೆಯವರೆಗೆ ಇರುತ್ತಾರೆ, ತಡ ಮಾಡದೆ ತೋರಿಸಿ ಎಂದರು.

ಮದುವೆಯಾಗಿ ಇಪ್ಪತ್ತಾರು ವರ್ಷ. ಆಕೆ ಗಂಡನನ್ನು ಇದು ಬೇಕು, ಅದು ಬೇಕು ಎಂದು ಕೇಳಿದ್ದು ಕಡಿಮೆ. ಬುಧವಾರ ಸಂಜೆ ತರಕಾರಿ ಹೆಚ್ಚುತ್ತಾ ಕೂತಿದ್ದವಳು ಕೇಳಿದಳು.

"ನೋಡಿ, ಸೂಜಿ ಗೀಜಿ ಅಂದ್ರೆ ನನಗೇನೂ ಭಯ ಇಲ್ಲ. ಆದ್ರೆ ಹೆದರಿಕೆ ಆದಾಗ ನನಗೆ ಕಿವಿ ಮುಚ್ಚಿದ ಹಾಗಾಗತ್ತೆ. ಎದುರಿಗಿರೋರು ಏನ್ ಹೇಳಿದ್ರೂ ತಲೆಗೆ ಹೋಗಲ್ಲ. ನಮ್ಮಕ್ಕನೂ ಹಾಗೇ. ಅವತ್ತು ಒಬ್ಳೇ ಒಳಗೆ ಹೋಗಿದ್ಲು. ಹೊರಗೆ ಬಂದು, ಏನೂ ಇಲ್ವಂತೆ ಅಂದ್ಲು. ಹದಿನೈದು ದಿನದಲ್ಲಿ ಮತ್ತೆ ಬರ್ಬೇಕು ಅಂತ ಅವರು ಹೇಳಿದ್ರು ಅನ್ನೋದು ನಮಗೆ ಗೊತ್ತಾಗೋಷ್ಟರಲ್ಲಿ ಆರು ತಿಂಗಳಾಗಿತ್ತು. ನೀವು ಏನೂ ಮಾಡೋದು ಬೇಡ. ಪಕ್ಕದಲ್ಲಿ ನಿಂತ್ಕೊಂಡು ಡಾಕ್ಟ್ರು ಹೇಳೋದನ್ನ ಕೇಳಿಸ್ಕೊಳ್ಳಿ. ಅಷ್ಟು ಮಾಡಿ ಸಾಕು."

"ಕೇಳಿಸ್ಕೊಳ್ಳೋದೇನು ಬಂತು, ಬರ್ಕೊಂಡೇ ಬರ್ತೀನಿ," ಎಂದರು ಮೇಷ್ಟ್ರು. ಹೊಸ ರೀಫಿಲ್ ಹಾಕಿದ ಎರಡು ಪೆನ್ನುಗಳನ್ನು ಆಗಲೇ ಜೇಬಿಗೆ ಸಿಕ್ಕಿಸಿಕೊಂಡರು.

ಗುರುವಾರ ಒಂಬತ್ತೂವರೆಗೇ ಇಬ್ಬರೂ ಆಸ್ಪತ್ರೆಯ ಕೌಂಟರಿನ ಮುಂದೆ ಹಾಜರು. ಗೋಡೆಯ ಮೇಲೆ ಒಂದು ದೊಡ್ಡ ಫಲಕವಿತ್ತು. ತಪಾಸಣೆಯ ಮತ್ತು ಚಿಕಿತ್ಸೆಯ ಸಮಯದಲ್ಲಿ ತನಗೆ ಬೇಕಾದ ಒಬ್ಬ ಜೊತೆಗಾರರನ್ನು ಪಕ್ಕದಲ್ಲಿರಿಸಿಕೊಳ್ಳುವುದು ಪ್ರತಿಯೊಬ್ಬ ರೋಗಿಯ ಹಕ್ಕು ಎಂದು ಅದರಲ್ಲಿ ಬರೆದಿತ್ತು. ಮೇಷ್ಟ್ರು ಅದನ್ನು ಕ್ಯೂನಲ್ಲಿದ್ದವರಿಗೆಲ್ಲ ಕೇಳುವಂತೆ ಎರಡು ಸಲ ಓದಿದರು. ಆಮೇಲೆ ಆ ಕಾನೂನನ್ನು ಹಿಂದಿನ ದಿನ ತಾವೇ ಜಾರಿಗೆ ತಂದವರಂತೆ ಸುತ್ತ ನೋಡಿದರು.

"ನೋಡ್ದಾ? ಹಕ್ಕು. ಯಾರಾದ್ರೂ ನನ್ನನ್ನ ಬಾಗಿಲ ಹತ್ರ ತಡೀಲಿ ನೋಡೋಣ," ಎಂದರು ಹೆಂಡತಿಗೆ.

ಕೌಂಟರಿನಿಂದ ಫಾರಂ ಬಂತು. ಅಕ್ಕಪಕ್ಕದವರು ಪೆನ್ನಿಗಾಗಿ ತಡಕಾಡುತ್ತಿರುವಾಗ ಮೇಷ್ಟ್ರು ನಿಂತ ನಿಲುವಿನಲ್ಲೇ, ಗೋಡೆಗೆ ಒತ್ತಿಟ್ಟುಕೊಂಡು, ಒಂದೂವರೆ ನಿಮಿಷದಲ್ಲಿ ತುಂಬಿ ಮುಗಿಸಿದರು. ಮೊದಲನೇ ಕಾಲಂ, ಹೆಸರು: ತಮ್ಮದು. ಗಂಡಸು, ಐವತ್ತೆಂಟು ವರ್ಷ. ತೊಂದರೆ ಏನು: ಕತ್ತಿನಲ್ಲಿ ಗಂಟು. ಜೊತೆಗಿರುವವರ ಹೆಸರು ಮತ್ತು ಸಂಬಂಧ: ಹೆಂಡತಿಯದು, ಹೆಂಡತಿ. ಕೆಳಗೆ ಎರಡು ಗೆರೆ ಎಳೆದ ಸಹಿ. ಅಕ್ಷರಗಳು ಅಚ್ಚು ಹಾಕಿದ ಹಾಗಿದ್ದವು.

ಕೌಂಟರಿನಾಕೆ ಕನ್ನಡಕದ ಮೇಲಿಂದ ಕಣ್ಣೆತ್ತಿದಳು. "ರೋಗಿ ಯಾರು?"

"ಎಲ್ಲ ಅದರಲ್ಲೇ ಬರ್ದಿದೆ, ಓದಮ್ಮ," ಎಂದರು ಮೇಷ್ಟ್ರು. ಬರೆದದ್ದನ್ನು ಬಿಟ್ಟು ಬಾಯಿಮಾತು ಕೇಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಆಕೆ ಓದಿದಳು. ಓದಿದ ಪ್ರಕಾರ ಮೇಷ್ಟ್ರ ಮುಂಗೈಗೆ ಬಿಳಿ ಪಟ್ಟಿಯೊಂದನ್ನು ಬಿಗಿದಳು. ಹೆಂಡತಿಯ ಕೊರಳಿಗೆ ಹಸಿರು ಕಾರ್ಡೊಂದನ್ನು ತಗಲಿಸಿದಳು.

"ರೀ, ಪಟ್ಟಿ ನಿಮಗೆ ಕಟ್ಟಿದಾರಲ್ಲ," ಎಂದಳು ಹೆಂಡತಿ.

"ಅದು ಪಾಸು. ಒಳಗೆ ಹೋಗೋಕೆ. ನಿನಗೆ ಇವೆಲ್ಲ ಗೊತ್ತಾಗಲ್ಲ, ಸುಮ್ನಿರು."

ಅಷ್ಟರಲ್ಲಿ ಭಾರಿ ಎತ್ತರದ ಆಸಾಮಿಯೊಬ್ಬ ಗಾಲಿಕುರ್ಚಿ ತಳ್ಳಿಕೊಂಡು ಬಂದು ಮೇಷ್ಟ್ರ ಮುಂದೆ ನಿಲ್ಲಿಸಿ, "ಕೂತ್ಕೊಳ್ಳಿ ಯಜಮಾನ್ರೆ," ಎಂದ. ಮೇಷ್ಟ್ರಿಗೆ ಅರೆಕ್ಷಣ ಅನುಮಾನ ಬಂತು. ಆದರೆ ಫಲಕವನ್ನು ಗಟ್ಟಿಯಾಗಿ ಓದಿದ್ದು ಕೆಲಸ ಮಾಡಿದೆ, ಹಕ್ಕು ತಿಳಿದವರಿಗೆ ಇಲ್ಲಿ ಇಷ್ಟು ಮರ್ಯಾದೆ ಇದೆ ಎಂದು ಲೆಕ್ಕ ಹಾಕಿ, ಪಂಚೆ ಸರಿಮಾಡಿಕೊಂಡು ಗತ್ತಿನಿಂದ ಕೂತರು. ಹೆಂಡತಿ ತಿಂಡಿ ಡಬ್ಬಿ, ನೀರಿನ ಬಾಟಲಿ, ಫ್ಲಾಸ್ಕು, ಹಳೆಯ ಚೀಟಿಗಳ ಚೀಲ ಎಲ್ಲವನ್ನೂ ಹೊತ್ತು ಹಿಂದೆ ನಡೆದಳು.

ಆಸ್ಪತ್ರೆಯ ಉದ್ದದ ಕಾರಿಡಾರಿನಲ್ಲಿ ಹಲ್ಲಿನ ವಿಭಾಗದ ಬಾಗಿಲಿನಿಂದ ಅವರ ಎದುರುಮನೆಯಾತ ಹೊರಬಂದ. ಬೀದಿಯಲ್ಲಿ ಅವನಿಗೆ 'ವಾರ್ತೆ' ಎಂದು ಹೆಸರು. ಯಾರ ಮನೆಯಲ್ಲಿ ಹಾಲು ಒಡೆದರೂ ಅವನಿಗೆ ಮೊದಲು ಗೊತ್ತಾಗುತ್ತಿತ್ತು. ಆಗಷ್ಟೇ ಎರಡು ಹಲ್ಲು ಕೀಳಿಸಿಕೊಂಡು ಬಾಯಿ ತುಂಬ ಹತ್ತಿ ತುರುಕಿಕೊಂಡಿದ್ದ ಅವನು ಗಾಲಿಕುರ್ಚಿಯಲ್ಲಿ ಹೋಗುತ್ತಿರುವ ಮೇಷ್ಟ್ರನ್ನು ನೋಡಿ ಕಣ್ಣರಳಿಸಿದ. ಮೇಷ್ಟ್ರು ಮಂತ್ರಿಗಳ ಹಾಗೆ ಕೈ ಬೀಸಿದರು. ಅದನ್ನು ಅವನು ಕಡೆಯ ವಿದಾಯವೆಂದು ತಿಳಿದು, ಅಲ್ಲೇ ಗೋಡೆಗೊರಗಿ ಮೇಷ್ಟ್ರ ಅಕ್ಕನಿಗೆ ಫೋನು ಹಚ್ಚಿದ. ಬಾಯಲ್ಲಿ ಹತ್ತಿ ಇದ್ದುದರಿಂದ ಅವನು ಅಳುತ್ತಿದ್ದಾನೆಂದೇ ಆಕೆಗೆ ಅನಿಸಿತು.

ವಾರ್ಡಿನಲ್ಲಿ ಹಿಂದುಗಡೆ ದಾರ ಕಟ್ಟುವ ನೀಲಿ ಅಂಗಿಯೊಂದನ್ನು ಮೇಷ್ಟ್ರಿಗೆ ತೊಡಿಸಿದರು. ಸೋಂಕು ಹರಡಬಾರದೆಂದು ಜೊತೆಗಾರರಿಗೂ ತೊಡಿಸುತ್ತಾರೆ ಎಂದು ಅವರು ಹೆಂಡತಿಗೆ ವಿವರಿಸಿದರು. ತೋಳಿನಿಂದ ರಕ್ತ ತೆಗೆದರು. ನಿನಗೆ ರಕ್ತ ಬೇಕಾಗಿ ಬಂದರೆ ಇರಲಿ ಅಂತ, ಎಂದರು ಮೇಷ್ಟ್ರು. ಮಲಗಿಸಿದರು. ಇದಕ್ಕೆ ಮಾತ್ರ ಅವರ ಬಳಿ ತಕ್ಷಣ ವಿವರಣೆ ಇರಲಿಲ್ಲ. ಕೊನೆಗೆ, ಕಾಯುವವರಿಗೆ ಕಾಲು ನೋಯಬಾರದಲ್ಲ ಎಂದರು. ಪಕ್ಕದಲ್ಲಿದ್ದ ಕಬ್ಬಿಣದ ಸ್ಟೂಲಿನ ಮೇಲೆ ಹೆಂಡತಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಕೆ ಮತ್ತೆ ಮತ್ತೆ ಕತ್ತು ಮುಟ್ಟಿಕೊಳ್ಳುತ್ತಿದ್ದಳು.

"ರೀ, ಇದ್ಯಾಕೋ ಸರಿ ಕಾಣ್ತಿಲ್ಲ. ಸಿಸ್ಟರನ್ನ ಒಂದು ಮಾತು ಕೇಳ್ಲಾ?"

"ಫಾರಂ ತುಂಬಿದವನು ನಾನು. ನೀನು ಹೋಗಿ ಏನಾದ್ರೂ ಕೇಳಿ ಮರ್ಯಾದೆ ಕಳೀಬೇಡ."

ಹನ್ನೊಂದೂಮುಕ್ಕಾಲಿಗೆ ತಜ್ಞರು ಬಂದರು. ತೆಳ್ಳಗಿನ, ಸುಸ್ತಾದ ಮುಖದ ಮನುಷ್ಯ. ಜೊತೆಗೆ ವಾರ್ಡಿನ ಸಿಸ್ಟರು. ಡಾಕ್ಟರು ಮಾತಿಲ್ಲದೆ ಮೇಷ್ಟ್ರ ಕತ್ತನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದರು. ನುಂಗಿ ಎಂದರು. ಮೇಷ್ಟ್ರು ನುಂಗಿದರು. ಮತ್ತೆ ನುಂಗಿ ಎಂದರು. ಹೀಗೆ ಏಳು ಸಲ ನುಂಗಿದ ಮೇಲೆ ಮೇಷ್ಟ್ರಿಗೆ ನುಂಗಲು ಏನೂ ಉಳಿಯಲಿಲ್ಲ.

"ಇಲ್ಲಿ ಗಂಟೇ ಇಲ್ವಲ್ಲ," ಎಂದರು ಡಾಕ್ಟರು.

"ನನಗ್ಯಾಕಿರತ್ತೆ ಸಾರ್? ಗಂಟು ಇವಳಿಗೆ," ಎಂದರು ಮೇಷ್ಟ್ರು.

ಆರನೇ ಮಂಚದಲ್ಲಿ ಕಾಲಿಗೆ ಸಿಮೆಂಟು ಹಾಕಿಸಿಕೊಂಡು ಮಲಗಿದ್ದವನು ಮೊದಲು ನಕ್ಕ. ಆಮೇಲೆ ಉಳಿದವರೂ ನಕ್ಕರು. ಎರಡನೇ ಮಂಚದವನು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕ.

ಡಾಕ್ಟರು ನಗಲಿಲ್ಲ. ಸ್ಟೂಲಿನತ್ತ ತಿರುಗಿ ಆಕೆಯ ಕತ್ತನ್ನು ಒಮ್ಮೆ ಮುಟ್ಟಿದರು. ಅವರ ಮುಖ ಬದಲಾಯಿತು. "ಇದರಿಂದ ಇವತ್ತೇ ಸೂಜಿ ಹಾಕಿ ಸ್ಯಾಂಪಲ್ ತೆಗೀಬೇಕು, ಆಮೇಲೆ ಕೂತು ಮಾತಾಡ್ಬೇಕು. ಸಿಸ್ಟರ್, ಇವರ ಹೆಸರಲ್ಲಿ ಹೊಸ ಫಾರಂ ಮಾಡಿ. ಒಂದು ಗಂಟೆಗೆ ನಾನು ಹೊರಡ್ತೀನಿ, ಮರೀಬೇಡಿ," ಎಂದು ನಡೆದುಬಿಟ್ಟರು.

ಸಿಸ್ಟರು ಚುರುಕಾದ ಹೆಂಗಸು. ಹೊಸ ಫಾರಂ ತಂದು ತಾನೇ ತುಂಬತೊಡಗಿದಳು. ಹೆಸರು, ವಯಸ್ಸು, ತೊಂದರೆ. ಜೊತೆಗಾರರು ಎಂಬಲ್ಲಿಗೆ ಬಂದು ಪೆನ್ನು ನಿಲ್ಲಿಸಿದಳು.

"ಇವರೇ, ನಮ್ಮೋರೇ," ಎಂದಳು ಹೆಂಡತಿ.

"ಇವರ ಕೈಮೇಲೆ ಪಟ್ಟಿ ಇದೆಯಲ್ಲಮ್ಮ. ಪಟ್ಟಿ ಇರೋವರೆಗೂ ಇವರು ರೋಗಿ, ಒಳಗೆ ಬಿಡೋಕಾಗಲ್ಲ. ಆದ್ರೆ ಅದೇನ್ ದೊಡ್ಡದಲ್ಲ. ಯಜಮಾನ್ರೆ, ಈ ಹಳೇ ಫಾರಂ ಮೇಲೆ ಒಂದು ಸಾಲು ಬರೀರಿ. 'ನನ್ನ ತಪ್ಪಿನಿಂದ ಹೆಸರು ಅದಲುಬದಲಾಗಿದೆ' ಅಂತ. ಕೆಳಗೆ ಸಹಿ. ಕತ್ತರಿ ನನ್ನ ಜೇಬಲ್ಲೇ ಇದೆ."

ಮೇಷ್ಟ್ರು ಎದ್ದು ಕೂತರು. "ಯಾರ ತಪ್ಪಿನಿಂದ?"

"ನಿಮ್ಮ ತಪ್ಪಿನಿಂದ."

"ಹೆಸರು ಅಂತಷ್ಟೇ ಅಚ್ಚು ಹಾಕ್ಸಿದೀರಿ. ಯಾರ ಹೆಸರು? ರೋಗಿಯ ಹೆಸರು ಅಂತ ಎಲ್ಲಿದೆ, ತೋರ್ಸಿ. ಇಪ್ಪತ್ತೆರಡು ವರ್ಷದಿಂದ ಫಾರಂ ತುಂಬ್ತಿದೀನಿ. ನನ್ನ ಅಕ್ಷರದಲ್ಲಿ, ನನ್ನ ಸಹಿ ಹಾಕಿ, ತಪ್ಪು ಅಂತ ನಾನು ಬರ್ಕೊಡ್ಬೇಕಾ?"

"ಸರಿ, ತಪ್ಪು ಅನ್ಬೇಡಿ. 'ಗಮನಕ್ಕೆ ಬಾರದೆ' ಅಂತ ಬರೀರಿ."

"ಗಮನಕ್ಕೆ ಬಾರದೆ ನಾನು ಒಂದು ಚುಕ್ಕೆನೂ ಇಡಲ್ಲ."

"ಬರ್ದುಕೊಡಿ ಅಂದ್ರೆ," ಎಂದಳು ಹೆಂಡತಿ ಮೆಲ್ಲಗೆ. "ಒಂದು ಸಾಲು ತಾನೆ."

ಆ ಹೊತ್ತಿಗೆ ಸರಿಯಾಗಿ ವಾರ್ಡಿನ ಬಾಗಿಲು ದಡಾರನೆ ತೆರೆದು ಮೇಷ್ಟ್ರ ಅಕ್ಕ ನುಗ್ಗಿದಳು. ಹಿಂದೆ ಆಕೆಯ ಗಂಡ, ಹಣ್ಣಿನ ಚೀಲ, ಅವರ ಹಿಂದೆ ಹತ್ತಿ ಬದಲಾಯಿಸಿಕೊಂಡ ವಾರ್ತೆ. ನೀಲಿ ಅಂಗಿಯಲ್ಲಿದ್ದ ತಮ್ಮನನ್ನು ನೋಡಿ ಅಕ್ಕ ಮಂಚದ ಕಾಲಿಗೆ ಜೋತುಬಿದ್ದಳು.

"ನನ್ನ ತಮ್ಮ ಹೇಗಿದ್ದೋನು ಹೇಗಾಗಿಬಿಟ್ಟ. ಅರ್ಧ ಇಳಿದು ಹೋಗಿದಾನೆ ನೋಡಿ," ಎಂದಳು ಗಂಡನಿಗೆ. ಮೇಷ್ಟ್ರನ್ನು ಆಕೆ ನೋಡಿ ಮೂರು ದಿನವಾಗಿತ್ತು.

"ನನಗೇನೂ ಆಗಿಲ್ಲಕ್ಕ. ಡಾಕ್ಟ್ರೇ ಹೇಳಿದಾರೆ," ಎಂದರು ಮೇಷ್ಟ್ರು.

ಅಕ್ಕನ ಗಂಡ ನಿಟ್ಟುಸಿರು ಬಿಟ್ಟರು. "ದೊಡ್ಡ ಕಾಯಿಲೆ ಇದ್ದಾಗ ಹಾಗೇ ಹೇಳೋದು. ನಮ್ಮ ಮ್ಯಾನೇಜರಿಗೂ ಏನೂ ಇಲ್ಲ ಅಂತಾನೇ ಹೇಳಿದ್ರು, ಪಾಪ."

ವಾರ್ತೆ ಹತ್ತಿಯ ನಡುವಿನಿಂದಲೇ ಹೌದು ಹೌದು ಎಂದು ತಲೆಯಾಡಿಸಿದ. ಅಕ್ಕ ಕಣ್ಣೊರೆಸಿಕೊಂಡು ತಮ್ಮನ ಹೆಂಡತಿಯ ಕಡೆ ತಿರುಗಿದಳು. "ಗಂಡನಿಗೆ ಇಷ್ಟೆಲ್ಲ ಆಗಿದೆ, ಇವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಸ್ಟೂಲ್ ಮೇಲೆ ಕೂತಿದಾಳೆ ಹಾಯಾಗಿ. ಏಳೇ, ನನ್ನ ಸೊಂಟ ಬಿದ್ದುಹೋಗ್ತಿದೆ."

ಆಕೆ ಎದ್ದು ಸ್ಟೂಲು ಬಿಟ್ಟುಕೊಟ್ಟಳು. ನಿಜ ಸಂಗತಿಯನ್ನು ಎರಡು ಸಲ ಹೇಳಿದಳು. ಮೊದಲನೆಯ ಸಲ ಯಾರೂ ಕೇಳಲಿಲ್ಲ. ಎರಡನೆಯ ಸಲ ಅಕ್ಕ ಕೇಳಿ, ಗಂಡ ಹಾಸಿಗೆ ಹಿಡಿದಿರುವಾಗ ತನ್ನ ಕತ್ತಿನ ಕಥೆ ತೆಗೆಯುವ ಹೆಂಗಸನ್ನು ತಾನು ಇದೇ ಮೊದಲು ನೋಡುತ್ತಿರುವುದು ಎಂದಳು.

ಇತ್ತ ಮೇಷ್ಟ್ರ ಸುತ್ತ ಈಗ ಸಭೆ ಸೇರಿತ್ತು. ಒಬ್ಬಂಟಿಯಾಗಿದ್ದರೆ ಆ ಒಂದು ಸಾಲು ಬರೆದುಬಿಡುತ್ತಿದ್ದರೇನೋ. ಆದರೆ ನಗುತ್ತಿದ್ದ ಆರು ಮಂಚಗಳು, ಅಕ್ಕ, ಅಕ್ಕನ ಗಂಡ, ಎಲ್ಲಕ್ಕಿಂತ ಮಿಗಿಲಾಗಿ ವಾರ್ತೆಯ ಎದುರು ತಪ್ಪೊಪ್ಪಿಕೊಳ್ಳುವುದೆಂದರೆ ಗೇಟಿನ ಪಕ್ಕದ ಮಡಚುವ ಮೇಜನ್ನು ಶಾಶ್ವತವಾಗಿ ಮಡಚಿದಂತೆ. ಅವರು ಸಿಸ್ಟರ ಬಳಿ ನಾಲ್ಕು ಬಿಳಿಹಾಳೆ ಕೇಳಿ ಪಡೆದರು. ತಿಂಡಿ ಡಬ್ಬಿಯ ಮುಚ್ಚಳವನ್ನು ಒತ್ತಾಗಿಟ್ಟುಕೊಂಡರು. ಮೇಲೆ ಮಧ್ಯದಲ್ಲಿ 'ಮಾನ್ಯ ಆಸ್ಪತ್ರೆ ಅಧೀಕ್ಷಕರ ಸನ್ನಿಧಿಗೆ' ಎಂದು ಬರೆದು ಕೆಳಗೆ ಗೆರೆ ಎಳೆದರು.

ಅದು ಅವರ ಜೀವಮಾನದ ಅತ್ಯುತ್ತಮ ಅರ್ಜಿಯಾಗಿತ್ತು. ವಾರ್ಡಿನವರ ಒತ್ತಾಯದ ಮೇರೆಗೆ ಅವರು ಪ್ಯಾರಾ ಪ್ಯಾರಾ ಓದುತ್ತಲೇ ಬರೆದರು. ಜೊತೆಗಾರರನ್ನು ಹೊಂದುವುದು ರೋಗಿಯ ಹಕ್ಕೆಂದು ತಮ್ಮ ಗೋಡೆಯೇ ಸಾರುತ್ತಿರುವಾಗ, ತಮ್ಮ ಫಾರಂ ಜೊತೆಗಾರನನ್ನೇ ರೋಗಿಯಾಗಿಸಿ ಆ ಹಕ್ಕನ್ನು ಕಸಿದುಕೊಂಡಿರುವುದು ಹೇಗೆ ನ್ಯಾಯ, ಎಂಬಲ್ಲಿ ಆರನೇ ಮಂಚದವನು ಚಪ್ಪಾಳೆ ತಟ್ಟಿದ. ನಗುವವರೆಲ್ಲ ಈಗ ಮೇಷ್ಟ್ರ ಪಕ್ಷ ಸೇರಿದ್ದರು.

ಹನ್ನೆರಡೂ ನಲವತ್ತಕ್ಕೆ ಸಿಸ್ಟರು ಬಾಗಿಲಲ್ಲಿ ನಿಂತಳು. "ಅಮ್ಮ, ನಿಮ್ಮನ್ನ ಕರೀತಿದಾರೆ. ಯಜಮಾನ್ರೆ, ಕೊನೇ ಸಲ ಕೇಳ್ತಿದೀನಿ. ಒಂದು ಸಾಲು. ಬರ್ದು ಹಿಂದೇನೇ ಓಡಿ ಬಂದ್ರೂ ಡಾಕ್ಟ್ರು ಸಿಗ್ತಾರೆ."

"ಕೊನೇ ಪ್ಯಾರಾದಲ್ಲಿದೀನಿ," ಎಂದರು ಮೇಷ್ಟ್ರು, ತಲೆಯೆತ್ತದೆ. "ನೀನು ಹೋಗಿರು. ಇದನ್ನ ಕೊಟ್ಟ ತಕ್ಷಣ ಹಕ್ಕಿನಿಂದಲೇ ಒಳಗೆ ಬರ್ತೀನಿ. ಇವರು ಬಾಗಿಲು ತೆಗೆದು ಕರ್ಕೋಬೇಕು, ಹಾಗೆ ಮಾಡ್ತೀನಿ."

ಹೆಂಡತಿ ಸ್ಟೂಲಿನ ಕಡೆ ನೋಡಿ, "ಅತ್ತಿಗೆ, ನೀವಾದ್ರೂ ಬರ್ತೀರಾ ನನ್ನ ಜೊತೆ?" ಎಂದಳು.

"ಇವನನ್ನ ಈ ಸ್ಥಿತಿಲಿ ಬಿಟ್ಟಾ? ನೀನು ಹೋಗು, ಹೋಗಿ ಬರ್ತಾ ಈ ಫ್ಲಾಸ್ಕಿಗೆ ಬಿಸಿನೀರು ತುಂಬಿಸ್ಕೊಂಡು ಬಾ," ಎಂದಳು ಅತ್ತಿಗೆ.

ಆಕೆ ಫ್ಲಾಸ್ಕು ತೆಗೆದುಕೊಂಡು ಸಿಸ್ಟರ ಹಿಂದೆ ಹೋದಳು.

ಹತ್ತು ನಿಮಿಷಕ್ಕೆ ಅರ್ಜಿ ಮುಗಿಯಿತು. ಅಕ್ಕನ ಗಂಡ ಅದನ್ನು ಅಧೀಕ್ಷಕರ ಕಚೇರಿಗೆ ಕೊಂಡೊಯ್ದರು. ಅಲ್ಲಿನ ಗುಮಾಸ್ತರು ಮೊದಲ ಸಾಲು, ಕೊನೆಯ ಸಾಲು ನೋಡಿ, ಒಂದು ಮೊಹರು ಒತ್ತಿ, 'ಸ್ವೀಕರಿಸಲಾಗಿದೆ, ಪರಿಶೀಲಿಸಲಾಗುವುದು' ಎಂದು ಬರೆದು ನಕಲು ಪ್ರತಿ ವಾಪಸು ಕೊಟ್ಟರು. ಸೀಲು ನೋಡಿ ಮೇಷ್ಟ್ರ ಮುಖ ಅರಳಿತು. ಸೀಲು ಬಿತ್ತೆಂದರೆ ಗೆದ್ದಂತೆ ಎನ್ನುವುದು ಅವರ ಕಸುಬಿನವರ ನಂಬಿಕೆ. ನಕಲು ಪ್ರತಿ ಮಂಚದಿಂದ ಮಂಚಕ್ಕೆ ಹೋಯಿತು. ವಾರ್ತೆ ಅದರ ಫೋಟೊ ತೆಗೆದುಕೊಂಡ. ಅಕ್ಕ ಹಣ್ಣು ಸುಲಿದು ತಮ್ಮನ ಬಾಯಿಗಿಟ್ಟಳು.

ಮೇಷ್ಟ್ರು ಈಗ ಒಳಗೆ ಹೋಗುತ್ತೇನೆಂದು ಮಂಚದಿಂದಿಳಿದರು. ಬಾಗಿಲಲ್ಲಿದ್ದ ಭಾರಿ ಎತ್ತರದ ಆಸಾಮಿ ಅವರ ಮುಂಗೈ ನೋಡಿ, ರೋಗಿಗಳು ಡಿಸ್ಚಾರ್ಜ್ ಆಗದೆ ವಾರ್ಡು ಬಿಡುವಂತಿಲ್ಲ ಎಂದು ಮೆತ್ತಗೆ ತಿರುಗಿಸಿ ಮತ್ತೆ ಮಲಗಿಸಿದ. ಸೀಲು ತೋರಿಸಿದರು. ಅವನು ಸೀಲಿಗೆ ಸೊಪ್ಪು ಹಾಕಲಿಲ್ಲ.

ಡಿಸ್ಚಾರ್ಜ್ ಕಾಗದ ಬಂದಾಗ ಒಂದೂ ಇಪ್ಪತ್ತಾಗಿತ್ತು. ಅದಕ್ಕೆ ಜೊತೆಗಾರರ ಸಹಿ ಬೇಕು ಎಂದು ಸಿಸ್ಟರು ಕಾಯುತ್ತಾ ನಿಂತಳು. ಮೇಷ್ಟ್ರ ಹೆಂಡತಿ ನಿಧಾನವಾಗಿ ನಡೆದು ಬಂದಳು. ಕತ್ತಿನ ಮೇಲೆ ಹತ್ತಿ, ಅದರ ಮೇಲೆ ಅಂಟುಪಟ್ಟಿ. ಒಂದು ಕೈಯಲ್ಲಿ ಮಡಚಿದ ಚೀಟಿ, ಇನ್ನೊಂದರಲ್ಲಿ ಬಿಸಿನೀರು ತುಂಬಿದ ಫ್ಲಾಸ್ಕು. ಫ್ಲಾಸ್ಕನ್ನು ಅತ್ತಿಗೆಯ ಕೈಗೆ ಕೊಟ್ಟು, ಸಿಸ್ಟರು ತೋರಿಸಿದ ಕಡೆ ಸಹಿ ಹಾಕಿದಳು. ಸಿಸ್ಟರು ನಿಯಮದ ಪ್ರಕಾರ ಜೊತೆಗಾರರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು: ನಿಮ್ಮ ಯಜಮಾನರಿಗೆ ಯಾವ ತೊಂದರೆಯೂ ಇಲ್ಲ, ರಕ್ತ ಚೆನ್ನಾಗಿದೆ, ಎರಡು ದಿನ ಉಪ್ಪು ಕಡಿಮೆ ಮಾಡಿ, ಚೆನ್ನಾಗಿ ನಿದ್ದೆ ಮಾಡಲಿ. ಹೇಳಿ, ಪಟ್ಟಿ ಕತ್ತರಿಸಿ ಬುಟ್ಟಿಗೆ ಹಾಕಿದಳು.

ಅಕ್ಕ, ಅಕ್ಕನ ಗಂಡ, ವಾರ್ತೆ ಮುಂದೆ ಮಾತಾಡಿಕೊಂಡು ನಡೆದರು. ಕಾರಿಡಾರಿನಲ್ಲಿ ಗಂಡ ಹೆಂಡತಿ ಹಿಂದೆ ಬಿದ್ದರು. ಮೇಷ್ಟ್ರು ಆಕೆಯ ಕೈಯಿಂದ ಚೀಟಿ ತೆಗೆದುಕೊಂಡು ಬಿಡಿಸಿದರು. ಎರಡು ಗೀಚು, ಒಂದು ಸಹಿ. ಎಂಥೆಂಥ ಅಧಿಕಾರಿಗಳ ಕೈಬರಹ ಓದಿದವರಿಗೂ ಅದರಲ್ಲಿ ಒಂದಕ್ಷರವೂ ತಲೆಗೆ ಹತ್ತಲಿಲ್ಲ.

"ಡಾಕ್ಟ್ರು ಏನಂದ್ರು?" ಎಂದು ಕೇಳಿದರು.

"ತುಂಬ ಹೊತ್ತು ಹೇಳಿದ್ರು."

"ಏನ್ ಹೇಳಿದ್ರು ಅಂತ."

"ಜೊತೆಗೆ ಯಾರೂ ಬಂದಿಲ್ವಾ ಅಂತ ಕೇಳಿದ್ರು. ನಮ್ಮೋರಿಗೆ ಹುಷಾರಿಲ್ಲ, ಮಲಗಿದಾರೆ ಅಂದೆ. ಆಮೇಲೆ ಕುರ್ಚಿ ಹತ್ರಕ್ಕೆ ಎಳ್ಕೊಂಡು ಏನೇನೋ ಹೇಳಿದ್ರು. ಬಾಯಿ ಅಲ್ಲಾಡೋದು ಕಾಣಿಸ್ತಿತ್ತು."

ಮೇಷ್ಟ್ರು ಚೀಟಿ ಹಿಡಿದುಕೊಂಡು ಓಡಿದರು. ಪಂಚೆ ಕಾಲಿಗೆ ತೊಡರಿತು. ತಜ್ಞರ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಹೆಂಗಸೊಬ್ಬಳು ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಟ್ಟು ನೆಲ ಒರೆಸುತ್ತಿದ್ದಳು. ಡಾಕ್ಟರು ಒಂದಕ್ಕೇ ಹೊರಟುಹೋದರು, ಇನ್ನು ಬರುವುದು ಮುಂದಿನ ಗುರುವಾರ ಎಂದಳು. ಮೇಷ್ಟ್ರು ಒದ್ದೆ ನೆಲದ ಮೇಲಿಂದ ತಿರುಗಿ ಬಂದರು. ಹೆಂಡತಿ ಬಿಟ್ಟ ಜಾಗದಲ್ಲೇ ಗೋಡೆಗೆ ಒರಗಿಕೊಂಡು, ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು.

"ಅಷ್ಟು ಹೊತ್ತು ಅವರು ಹೇಳಿದ್ರಲ್ಲ, ಅದಕ್ಕೆ ನೀನೇನಂದೆ?" ಎಂದು ಅವರು ಕೇಳಿದರು.

"ಹೂಂ ಅಂದೆ," ಎಂದಳು.